ಬಂಡೆ ಮೇಲಿನ ಸಂಡಿಗೆ

ಮಳೆಯಲ್ಲೇ ಓಡಿಬಂದು ನೋಡಿದರೆ ಮನೆ ಹಿಂದಿನ ಬಂಡೆ ಬರಿದಾಗಿತ್ತು. ಹನುಮನಹಳ್ಳಿಯಲ್ಲಿ ಬೇಸಿಗೆ ಬಂತೆಂದರೆ ನಾವು ಸಂಡಿಗೆ ಹಾಕುವುದು ಆ ಬಂಡೆಯ ಮೇಲೆಯೇ. ಪ್ರವಾಸಿಗರಿಗೂ ಫೋಟೊ ತೆಗೆಯಲು ಅದೇ ಬೇಕು. ಹತ್ತಿದವರನ್ನೆಲ್ಲ ಅತ್ತೆ ಬೈದು ಇಳಿಸುತ್ತಿದ್ದರು. ಅವತ್ತು ಹಳೆ ಸೀರೆ ಹಾಸಿ ಸಂಡಿಗೆ ಇಟ್ಟು, ಇಬ್ಬರೂ ಗಂಗಾವತಿ ಸಂತೆಗೆ ಹೋಗಿದ್ದೆವು. ಹೀಗೆ ಅಡ್ಡಮಳೆ ಬರುತ್ತದೆಂದು ಯಾರಿಗೆ ಗೊತ್ತಿತ್ತು?

"ಹೋತವ್ವ, ಯಾರೋ ಸೀರಿ ಸಮೇತ ಒಯ್ದಾರ" ಎನ್ನುತ್ತ ಅತ್ತೆ ಮನೆ ಮುಂದಕ್ಕೆ ಬಂದರು. ಕಟ್ಟೆಯ ಮೇಲೆ ತೊಯ್ದು ತೊಪ್ಪೆಯಾದ ಹುಡುಗಿಯೊಬ್ಬಳು ಕೂತಿದ್ದಳು. ಹಿಂದಿನ ದಿನ ಅತ್ತೆ ಬೈದು ಇಳಿಸಿದ್ದು ಅವಳನ್ನೇ. ತನ್ನ ರೇನ್‌ಕೋಟನ್ನು ತೊಡೆಯ ಮೇಲಿದ್ದ ಸೀರೆ ಗಂಟಿಗೆ ಹೊದಿಸಿದ್ದಳು.

"ಹನಿ ಬಿದ್ದ ತಕ್ಷಣ ಗಂಟು ಕಟ್ಟಿ ತಂದೆ ಅಜ್ಜಿ, ಸ್ವಲ್ಪವೂ ನೆಂದಿಲ್ಲ" ಎಂದಳು.

ಬಿಚ್ಚಿ ನೋಡಿದೆ. ಅರ್ಧ ಒಣಗಿದ ಸಂಡಿಗೆಯನ್ನು ಗಂಟು ಕಟ್ಟಬಾರದೆಂದು ಪಾಪ ಅವಳಿಗೆ ಯಾರು ಹೇಳಬೇಕು? ಎಲ್ಲ ಅಂಟಿಕೊಂಡು ಒಂದೇ ಮುದ್ದೆಯಾಗಿತ್ತು. ನಾನು ಹೆದರಿ ಅತ್ತೆಯ ಮುಖ ನೋಡಿದೆ. ಅವರು ಸೆರಗಿನಿಂದ ಹುಡುಗಿಯ ತಲೆ ಒರೆಸತೊಡಗಿದ್ದರು.

"ಭಾಳ ಛಲೋ ಮಾಡಿದಿ ಬಿಡವ್ವಾ. ಒಳಗ ಬಾ, ಬಿಸಿ ಚಾ ಕುಡಿಯಂತಿ."

ಆ ಮುದ್ದೆಯನ್ನೇ ಮುರಿದು ಮತ್ತೆ ಒಣಗಿಸಿಟ್ಟಿದ್ದೇವೆ. ಈ ವರ್ಷ ನಮ್ಮ ಮನೆಯಲ್ಲಿ ದುಂಡನೆಯ ಸಂಡಿಗೆ ಒಂದೂ ಇಲ್ಲ. ಬಂಡೆ ಹತ್ತಿದವರನ್ನು ಅತ್ತೆ ಈಗ ಇಳಿಸುವುದಿಲ್ಲ. ಕೆಳಗೆ ನಿಂತು ಕೂಗಿ ಹೇಳುತ್ತಾರೆ: "ಮಳಿ ಬಂದ್ರ ಸೀರಿ ನಾಕೂ ಚುಂಗು ಹಿಡದು ಹಂಗ ತರ್ರಿ, ಗಂಟು ಮಾತ್ರ ಕಟ್ಟಬ್ಯಾಡ್ರಿ!"