ಚಿಗವ್ವನಿಗೆ ನಾನು ಓದಿ ಹೇಳಿದ ಕಾಗದ

ಇಂದು ಸೋಮವಾರ, ಉಪವಾಸ. ಅಂಗಳ ಸಾರಿಸಿ, ಮನೆಯವರಿಗೆಂದು ರೊಟ್ಟಿ ಬಡಿಯುವಾಗ ಹಂಚಿನ ವಾಸನೆಗೆ ಬೇವೂರಿನ ಚಿಗವ್ವ ನೆನಪಾದಳು.

ಅವಳಿಗೆ ಓದು ಬರದು. ಗೋವೆಗೆ ದುಡಿಯಲು ಹೋಗಿದ್ದ ಅವಳ ಗಂಡ, ನಮ್ಮ ಕಾಕಾ, “ಬಾಡಿಗಿ ಖೋಲಿ ಹಿಡದೀನಿ, ಬಂದುಬಿಡು” ಎಂದು ಕಾಗದ ಬರೆದಿದ್ದ. ಆಗಿನ್ನೂ ಶಾಲೆ ಹುಡುಗಿಯಾಗಿದ್ದ ನನ್ನಿಂದ ಅಜ್ಜಿ ಮೊದಲು ತಾನು ಓದಿಸಿಕೊಂಡು ನನ್ನ ತೊಡೆ ಚಿವುಟಿದಳು.

“ಬರಬ್ಯಾಡ ಅಂದಾನಂತ ಓದು. ಅಕಿ ಹ್ವಾದ್ರ ಹನ್ನೆರಡು ಮಂದಿಗೆ ರೊಟ್ಟಿ ಯಾರು ಬಡೀತಾರ, ಆ ಕೈಲಾಸದ ಶಿವಪ್ಪ ಬರ್ತಾನೇನು?”

ಹಾಗೆಯೇ ಓದಿದೆ. ಚಿಗವ್ವ ಕಣ್ಣೊರೆಸಿಕೊಂಡು ನನ್ನ ಬಾಯಿಗೆ ಬೆಲ್ಲ ಇಟ್ಟಳು. “ಎಷ್ಟ ಛಲೋ ಓದ್ತೀಯವ್ವಾ!”

ಕಾಕಾ ಅಲ್ಲೇ ಇನ್ನೊಬ್ಬಳನ್ನು ಕಟ್ಟಿಕೊಂಡ. ಅವನು ಬರಲೆಂದು ಚಿಗವ್ವ ಹಿಡಿದ ಸೋಮವಾರವನ್ನು ಇನ್ನೂ ಬಿಟ್ಟಿಲ್ಲ. ನಾನು ಹಿಡಿದದ್ದು ಪಾಪ ತೊಳೆಯಲು. ಶಿವ ಇಬ್ಬರ ಹಸಿವನ್ನೂ ನೋಡುತ್ತ ಸುಮ್ಮನೆ ಕೂತಿದ್ದಾನೆ.

ಇದನ್ನು ಓದುತ್ತಿರುವ ಬೇವೂರಿನ ತಮ್ಮಂದಿರೇ, ಒಂದಕ್ಷರ ಬದಲಿಸದೆ ಅವಳಿಗೆ ಓದಿ ಹೇಳಿ. ಬೈದರೂ ಸರಿ, ಅವಳು ಏನಂದಳೋ ಅದನ್ನು ನನಗೆ ತಂದುಕೊಡಿ.