ಹಡಗಿನ ಮುದ್ರೆಯ ಕುಪ್ಪಸದ ಬಟ್ಟೆ

ಬ್ರಿಟಿಷರ ಕಾಲದಲ್ಲಿ ವಿಲಾಯಿತಿಯಿಂದ ಬಂದ ಗಿರಣಿ ಬಟ್ಟೆಯ ಇತಿಹಾಸ ಬರೆಯುವುದು ನನ್ನ ಕೆಲಸ. ಅದನ್ನು ಹುಡುಕಿ ಇಂಡಿ, ಸಿಂದಗಿ ಕಡೆ ಯಾರ ಮನೆಗೆ ಹೋದರೂ ಹೊರಡುವಾಗ ಉಡಿ ತುಂಬುತ್ತಾರೆ. ಸೆರಗಿಗೆ ಅಕ್ಕಿ, ತೆಂಗಿನಕಾಯಿ, ಜೊತೆಗೊಂದು ಕುಪ್ಪಸದ ಬಟ್ಟೆ. ಕಣ್ಣು ಕುಕ್ಕುವ ಹಸಿರಿನ ಪಾಲಿಸ್ಟರ್ ತುಂಡು, ತೊಟ್ಟರೆ ಬೆವರಿ ಸಾಯಬೇಕು. ಅದನ್ನು ಯಾರೂ ಹೊಲಿಸುವುದೂ ಇಲ್ಲ. ಮನೆಗೆ ಬಂದ ಇನ್ನೊಬ್ಬಳ ಉಡಿಗೆ ದಾಟಿಸುತ್ತಾರೆ.

ಝಳಕಿಯಲ್ಲಿ ಒಮ್ಮೆ ಹಾಗೇ ನನ್ನ ಉಡಿಗೆ ಬಿದ್ದದ್ದು, ಮೂಲೆಯಲ್ಲಿ ಹಡಗಿನ ಮುದ್ರೆಯಿದ್ದ ಅಸಲಿ ವಿಲಾಯಿತಿ ಬಟ್ಟೆ! ಮನೆಯಿಂದ ಮನೆಗೆ ತಿರುಗುತ್ತಲೇ ಇದ್ದದ್ದರಿಂದ ಅದಕ್ಕೆ ಇಷ್ಟು ವರ್ಷ ಕತ್ತರಿ ತಾಕಿರಲಿಲ್ಲ. ನಾನು ಅದನ್ನು ಮನೆಗೆ ತಂದು, ತೆಳು ಕಾಗದದಲ್ಲಿ ಸುತ್ತಿ, ಕಪಾಟಿಗೆ ಬೀಗ ಹಾಕಿದೆ. ಅದರ ಮೇಲೊಂದು ಪ್ರಬಂಧ ಓದಿದೆ. ಚಪ್ಪಾಳೆಯೂ ಬಿತ್ತು.

ಮರುವರ್ಷ ಮೋರಟಗಿಯ ಒಂದು ಮನೆಗೆ ಹೋದಾಗ ಅಲ್ಲಿನ ಅಜ್ಜಿ ಕೆಂಡಾಮಂಡಲವಾಗಿದ್ದಳು.

"ಹಡಗದ ಅರಿವಿ ನಮ್ಮ ಅತ್ತಿ ಕಾಲದಿಂದ ಮನಿಮನಿ ತಿರಗತಿತ್ರಿ. ಈಗ ವರ್ಷಾತು, ಯಾರ ಮನಿಗೂ ಬಂದಿಲ್ಲ. ಯಾವಾಕೀನೋ ಹಿಡಕೊಂಡ ಕುಂತಾಳ. ನಾಚಿಗಿ ಇಲ್ಲದಾಕಿ!"

ನಾನು ತಲೆ ತಗ್ಗಿಸಿ ಚಹಾ ಕುಡಿದೆ.

"ಅಕ್ಕಾರ, ನೀವು ಹೆಂಗೂ ಊರೂರು ತಿರಗತೀರಿ. ಹಳೀ ಅರಿವಿ ಹುಡಕೂದ ನಿಮ್ಮ ಕೆಲಸ ಅಲ್ಲೇನ್ರಿ? ಅದನ್ನ ಅಷ್ಟು ಹುಡಕಿ ಕೊಡ್ರಿ."

"ಹುಡಕತೇನ್ರಿ" ಎಂದೆ.

ಅಜ್ಜಿ ಖುಷಿಯಿಂದ ಕುಂಕುಮ ಹಚ್ಚಿ ನನ್ನ ಉಡಿ ತುಂಬಿದಳು.