ಬಿಡಿ ಎಂದು ಹೇಳದ ಮಧ್ಯಾಹ್ನ

'ಹಗ್ಗ ಬಿಡಿ' ಎಂದು ನಾನು ಹೇಳಲಿಲ್ಲ. ಹೇಳಿದೆ ಎಂದು ಊರಿಗೆಲ್ಲ ಸಾರಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು, ಬರೆದು ಅಭ್ಯಾಸವಿಲ್ಲ. ಆದರೂ ಇದನ್ನು ಬರೆಯದೆ ಕೂತಲ್ಲಿ ಕೂರಲಾಗುತ್ತಿಲ್ಲ.

ಕೊರೊನಾ ಕಳೆದ ಮರುವರ್ಷ. ಮಂಗಳೂರಿನ ತಣ್ಣೀರುಬಾವಿ ಕಡಲದಂಡೆಯಲ್ಲಿ ನಮ್ಮ ಕೈರಂಪಣಿಗೆ ನಾನು ತಾಂಡೇಲ, ಅಂದರೆ ತಂಡದ ಮುಖ್ಯಸ್ಥ. ದೋಣಿಯಲ್ಲಿ ಹೋಗಿ ಕಡಲಲ್ಲಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು, ಎರಡೂ ತುದಿಯ ಹಗ್ಗಗಳನ್ನು ದಡದಿಂದ ಎಳೆಯುವುದು ಕೈರಂಪಣಿ. ಎಳೆಯುವವರು ಸೊಂಟಕ್ಕೊಂದು ಪಟ್ಟಿ ಕಟ್ಟಿ, ಅದನ್ನು ಹಗ್ಗಕ್ಕೆ ಸಿಕ್ಕಿಸಿಕೊಳ್ಳುತ್ತಾರೆ. ತಾಂಡೇಲ ಹೇಳದೆ ಯಾರೂ ಅದನ್ನು ಬಿಚ್ಚುವಂತಿಲ್ಲ. ಬಿಚ್ಚಿದರೆ ಬಲೆ ಸಡಿಲಾಗಿ ಮೀನು ಹೋಗುತ್ತದೆ.

ನನ್ನ ತಮ್ಮ ಲೋಕೇಶ ಎಲ್ಲರಿಗಿಂತ ಮುಂದೆ, ಸೊಂಟದವರೆಗಿನ ನೀರಲ್ಲಿದ್ದ. ಪಡುವಣದಲ್ಲಿ ಮೋಡದ ಕಪ್ಪು ಗೆರೆ ಎದ್ದಿತು. ತಣ್ಣನೆಯ ಗಾಳಿ ಒಮ್ಮೆಲೇ ನುಗ್ಗಿ ನಿಂತಿತು. ಆಮೇಲೆ ನೀರು ಹಿಂದೆ ಸರಿಯತೊಡಗಿತು. ಅದು ಇಳಿತದ ಹೊತ್ತಲ್ಲ. ನಾನು ನೋಡುತ್ತಲೇ ಇದ್ದೆ.

ಲೋಕೇಶ ತಿರುಗಿ ಕೂಗಿದ: "ಅಣ್ಣಾ, ನೀರು ಮೊಣಕಾಲಿಗೆ ಇಳಿಯಿತು. ಎಂತ ಇದು? ಬಿಡುವನಾ?"

"ಎಳಿ ಮಾರಾಯ. ಮದುವೆ ಊಟಕ್ಕೆ ಬಂದವನ ಹಾಗೆ ನಿಲ್ಲಬೇಡ."

"ಊಟಕ್ಕಾದ್ರೆ ಅವ ಮೊದಲ ಪಂಕ್ತಿ," ಎಂದರು ಅವನ ಹಿಂದಿದ್ದ ವಾಸಣ್ಣ. ಎಲ್ಲರೂ ನಕ್ಕರು.

ಬಲೆಯಲ್ಲಿ ಬಂಗುಡೆ ತುಂಬಿತ್ತು, ಆ ವರ್ಷದ ಮೊದಲ ಒಳ್ಳೆಯ ಬಲೆ. ನನಗೆ ಅದೊಂದೇ ಕಾಣುತ್ತಿತ್ತು.

ಬಂದದ್ದು ಒಡೆಯುವ ಅಲೆಯಲ್ಲ, ಕಡಲೇ ಎದ್ದು ನಡೆದು ಬಂದ ಹಾಗಿತ್ತು. ಹಿಂದಿದ್ದವರು ಪಟ್ಟಿ ಕಳಚಿ ಓಡಿದರು. ಲೋಕೇಶನ ಪಟ್ಟಿ ಬಿಗಿದುಕೊಂಡಿತ್ತು. ಹಗ್ಗದ ಜೊತೆ ಅವನೂ ಹೋದ. ನೀರು ಇಳಿದಾಗ ಬಲೆಯಡಿಯಲ್ಲಿ ಸಿಕ್ಕಿದ. ಜೀವವಿತ್ತು, ಸೊಂಟದ ಎಲುಬು ಮುರಿದಿತ್ತು. ಈಗ ಕೋಲು ಹಿಡಿದು ನಡೆಯುತ್ತಾನೆ. ಕಡಲಿಗೆ ಇಳಿಯುವುದಿಲ್ಲ, ಬಲೆ ಹೊಲಿಯುತ್ತಾನೆ.

ಅತ್ತಾವರದ ಆಸ್ಪತ್ರೆಯಲ್ಲಿ ಅಮ್ಮ ಕೇಳಿದಾಗ, "ಬಿಡು ಎಂದೆ, ಅವನಿಗೆ ಕೇಳಲಿಲ್ಲ" ಎಂದುಬಿಟ್ಟೆ. ಎಳಿ ಎಂದದ್ದು ಕೇಳಿದ್ದರೂ, ಆಮೇಲೆ ಅಲೆಯ ಸದ್ದಿನಲ್ಲಿ ನಾನು ಬಿಡು ಎಂದು ಕೂಗಿರಬಹುದು ಎಂದು ತಂಡದವರೂ ನಂಬಿದರು. ಅದು ಸುಳ್ಳೆಂದು ಲೋಕೇಶನಿಗೆ ಗೊತ್ತಿತ್ತು. "ಕಿವಿ ತೊಳ್ಕೊಳ್ಳೋ" ಎಂದು ಯಾರಾದರೂ ತಮಾಷೆ ಮಾಡಿದರೆ ಅವನೂ ನಗುತ್ತಿದ್ದ. ಆ ನಗು ನನ್ನನ್ನು ಮನೆಯಲ್ಲಿ ನಿಲ್ಲಗೊಡುತ್ತಿರಲಿಲ್ಲ.

ಕಳೆದ ವರ್ಷ ಮೀನುಗಾರರಿಗೊಂದು ತರಬೇತಿ ಇತ್ತು. ಸಾಲು ಮೋಡ ಕಡಲ ಮೇಲೆ ವೇಗವಾಗಿ ಸಾಗುವಾಗ ಗಾಳಿಯ ಒತ್ತಡ ಥಟ್ಟನೆ ಬದಲಾಗುತ್ತದೆ, ಅಲೆಯೂ ಅದೇ ವೇಗದಲ್ಲಿ ಓಡಿದರೆ ಬೆಳೆಯುತ್ತಾ ದಡಕ್ಕೆ ಬರುತ್ತದೆ, ಭೂಕಂಪ ಬೇಕಿಲ್ಲ, ಹೆಸರು ಮೀಟಿಯೋ ಸುನಾಮಿ ಎಂದು ಅಧಿಕಾರಿ ವಿವರಿಸಿದರು. ನಮ್ಮಲ್ಲಿ ಬಂದ ಅಲೆಯ ವಿಷಯ ಕೇಳಿದ್ದಕ್ಕೆ, ಅದು ಇದೇ ಎಂದು ಅಳತೆ ಇಲ್ಲದೆ ಹೇಳಲಾಗದು, ಲಕ್ಷಣ ಮಾತ್ರ ಅದರದ್ದೇ ಎಂದರು. "ನೀರು ಹೊತ್ತಲ್ಲದ ಹೊತ್ತಿನಲ್ಲಿ ಹಿಂದೆ ಹೋದರೆ ಎಲ್ಲ ಬಿಟ್ಟು ಮೇಲೆ ಓಡಿ."

ವಾಸಣ್ಣ ಎದ್ದರು. "ಸರ್, ನಮ್ಮ ಲೋಕೇಶನ ಕಿವಿಗೆ ಒಂದು ಸೈರನ್ ಕೊಡಿ."

ಸಭೆ ನಕ್ಕಿತು. ಲೋಕೇಶನೂ ನಕ್ಕ.

ತಾಂಡೇಲನಿಗೆ ಹಗ್ಗ ಎಳೆಯಿಸಲು ಗೊತ್ತಿದ್ದರೆ ಸಾಲದು, ತುಂಬಿದ ಬಲೆಯನ್ನೂ ಬಿಡಿ ಎನ್ನಲು ಬಾಯಿ ಬರಬೇಕು. ಈ ಕೆಲಸ ನನಗೆ ಕಲಿಸಿದ್ದು ಅದು, ಕಲಿತದ್ದು ತಮ್ಮನ ಸೊಂಟ ಮುರಿದ ಮೇಲೆ. ನಾನು ಎದ್ದು ನಿಂತೆ.

"ಅವನ ಕಿವಿ ಸರಿ ಉಂಟು. ಬಿಡುವನಾ ಎಂದು ಅವ ಕೇಳಿದ, ನಾನು ಎಳಿ ಎಂದೆ. ಬಿಡು ಎಂದು ಹೇಳಲೇ ಇಲ್ಲ. ಲೋಕೇಶಾ, ತಪ್ಪು ನನ್ನದು. ಸುಳ್ಳೂ ನನ್ನದು. ಕ್ಷಮಿಸು."